ಘಾಟಿ ಇಳಿಯುವ ಕಾರಿಗೆ ಯಾವ ಬ್ರೇಕ್ ಪ್ಯಾಡ್? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನವನು. ಮಗಳು ಉಜಿರೆಯಲ್ಲಿ ಓದುತ್ತಿರುವುದರಿಂದ ತಿಂಗಳಿಗೆ ಎರಡು ಬಾರಿಯಾದರೂ ನನ್ನ ಒಂಬತ್ತು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರಿನಲ್ಲಿ ಕೊಟ್ಟಿಗೆಹಾರದ ಮೂಲಕ ಚಾರ್ಮಾಡಿ ಘಾಟಿ ಇಳಿದು ಹತ್ತಬೇಕಾಗುತ್ತದೆ. ಕಳೆದ ವಾರ ಇಳಿಯುವಾಗ ಮುಂದಿನ ಚಕ್ರಗಳಿಂದ ಕೀರಲು ಸದ್ದು ಬರತೊಡಗಿತು. ಪರಿಚಯದ ಮೆಕ್ಯಾನಿಕ್ ಚಕ್ರ ಬಿಚ್ಚಿ ನೋಡಿ, ಪ್ಯಾಡ್‌ಗಳು 3 ಮಿಲಿಮೀಟರಿಗಿಂತ ಕಡಿಮೆ ಉಳಿದಿವೆ, ಡಿಸ್ಕ್ ಮೇಲೆ ಸಣ್ಣ ಗೀರುಗಳಿದ್ದರೂ ದಪ್ಪ ಇನ್ನೂ ಮಿತಿಯೊಳಗಿದೆ ಎಂದರು.

ಕಂಪನಿಯ ಅಸಲಿ ಪ್ಯಾಡ್ ಸೆಟ್‌ಗೆ 2,600 ರೂಪಾಯಿ, ಪೇಟೆಯ ಅಂಗಡಿಯ ಅಗ್ಗದ ಸೆಟ್‌ಗೆ 850. ಊರೊಳಗಿನ ಓಡಾಟವಷ್ಟೇ ಆಗಿದ್ದರೆ ನಾನು ಇಷ್ಟು ಯೋಚಿಸುತ್ತಿರಲಿಲ್ಲ. ಆದರೆ ದೀರ್ಘ ಇಳಿಜಾರಿನಲ್ಲಿ ಪ್ಯಾಡ್ ಬಿಸಿಯಾದಂತೆ ಹಿಡಿತ ಕುಗ್ಗುತ್ತದೆ ಎಂಬುದು ಗೊತ್ತಿರುವುದರಿಂದ, ಎರಡನೇ ಗೇರಿನಲ್ಲೇ ಇಳಿಯುವ ಅಭ್ಯಾಸವಿದ್ದರೂ ಅಗ್ಗದ್ದನ್ನು ಹಾಕಿಸಲು ಧೈರ್ಯ ಬರುತ್ತಿಲ್ಲ. ಬ್ರೇಕ್ ಆಯಿಲ್ ತೇವಾಂಶ ಹೀರಿಕೊಂಡರೆ ಬೇಗ ಕುದಿಯುವುದರಿಂದ, ಮೂರು ವರ್ಷದಿಂದ ಬದಲಿಸದ ಅದನ್ನು ಹೇಗೂ ಬದಲಿಸುತ್ತಿದ್ದೇನೆ.

ಮೂರು ಅಂಗಡಿಗಳಲ್ಲಿ ವಿಚಾರಿಸಿದೆ, ಮೂವರೂ ತಮ್ಮಲ್ಲಿರುವುದೇ ಉತ್ತಮ ಎಂದರು (ಬೇರೆ ಏನು ಹೇಳಿಯಾರು!). ಒಬ್ಬರು ಮಾತ್ರ ಬಾಷ್‌ನಂಥ ಹೆಸರಾಂತ ತಯಾರಕರ ಪ್ಯಾಡ್ 1,500ಕ್ಕೆ ಸಿಗುತ್ತದೆ ಎಂದು ಮಧ್ಯದ ದಾರಿ ತೋರಿಸಿದ್ದು, ನನ್ನ ಗೊಂದಲ ಇರುವುದು ಅಲ್ಲಿಯೇ.

ನಿಯಮಿತವಾಗಿ ಚಾರ್ಮಾಡಿ ಅಥವಾ ಶಿರಾಡಿ ಘಾಟಿಯಲ್ಲಿ ಓಡಾಡುವವರು ದಯವಿಟ್ಟು ತಿಳಿಸಿ: ಇಂತಹ ಮಧ್ಯಮ ಬೆಲೆಯ ಪ್ಯಾಡ್ ಇಳಿಜಾರಿನಲ್ಲಿ ಅಸಲಿಯಷ್ಟೇ ಹಿಡಿತ ಕೊಡುತ್ತದೆಯೇ, ಅಥವಾ 1,100 ರೂಪಾಯಿ ಹೆಚ್ಚು ಕೊಟ್ಟು ಅಸಲಿಯನ್ನೇ ಹಾಕಿಸಬೇಕೇ?