ಸಹಾಯ ಬೇಕು: ಲಾಸ್ ವೇಗಸ್‌ನ ಹಳೇ ಫೋಟೋ, ವಿಡಿಯೋ ಯಾರ ಹತ್ರ ಇದೆ?

ಎಲ್ಲರಿಗೂ ನಮಸ್ಕಾರ. 2002ಕ್ಕೆ ಮುಂಚೆ ವೇಗಸ್ ನೋಡಿದವರು ಗುಂಪಿನಲ್ಲಿ ಇದ್ದೀರಾ?

ಸೀಸರ್ಸ್ ಪ್ಯಾಲೇಸ್ ಕ್ಯಾಸಿನೊದಲ್ಲಿ 'ಮ್ಯಾಜಿಕಲ್ ಎಂಪೈರ್' ಅಂತ ಒಂದು ಜಾಗ ಇತ್ತು. 1996ರಲ್ಲಿ ಶುರುವಾಗಿ 2002ರಲ್ಲಿ ಮುಚ್ಚಿತು. ಸುಮ್ನೆ ಊಟ ಅಲ್ಲ ಅದು. ನೆಲದೊಳಗೆ ಇಳಿಯುತ್ತಿದ್ದೇವೆ ಅನ್ನಿಸುವ ಕೋಣೆ ದಾಟಿದರೆ ಗುಹೆಯಂಥ ಊಟದ ಮನೆ. ನೀವು ತಿನ್ನುತ್ತಾ ಕೂತಿದ್ದರೆ ಜಾದೂಗಾರ ಅಲ್ಲೇ ನಿಂತು ಕೈಚಳಕ ತೋರಿಸುತ್ತಿದ್ದ. ನಮ್ಮ ಚಿಕ್ಕಪ್ಪ ಚಿಕ್ಕಮ್ಮ ಮದುವೆಯಾದ ಹೊಸದರಲ್ಲಿ ಅಲ್ಲಿ ಉಂಡಿದ್ದರಂತೆ. ಚಿಕ್ಕಮ್ಮ ಇವತ್ತಿಗೂ ಅದನ್ನೇ ಹೇಳುತ್ತಾರೆ, ಚಿಕ್ಕಪ್ಪನಿಗೆ ಬಿಲ್ ಮಾತ್ರ ನೆನಪು!

ಅವರ ಮದುವೆ ವಾರ್ಷಿಕೋತ್ಸವಕ್ಕೆ ಒಂದು ವಿಡಿಯೋ ಮಾಡುತ್ತಿದ್ದೇನೆ. ಆ ಊಟದ ಕೋಣೆಯ ಫೋಟೋ, ಮೆನು ಕಾರ್ಡ್, ಟಿಕೆಟ್ ಚೂರು, ಏನಿದ್ದರೂ ಆಗುತ್ತೆ.

ಹಾಗೇ ಅಲ್ಲಿನ ಟ್ರೆಷರ್ ಐಲೆಂಡ್ ಹೋಟೆಲ್ ಮುಂದೆ ನಡೆಯುತ್ತಿದ್ದ ಕಡಲ್ಗಳ್ಳರ ಕಾಳಗದ ಶೋ, ಮಿರಾಜ್ ಹೋಟೆಲ್‌ನ ಕೃತಕ ಜ್ವಾಲಾಮುಖಿಯ ವಿಡಿಯೋ ಕೂಡ ಬೇಕು. ಜ್ವಾಲಾಮುಖಿಯ ಬೆಂಕಿಗೆ ಬಳಸುತ್ತಿದ್ದ ಗ್ಯಾಸ್ ವಾಸನೆ ಮುಚ್ಚಲು ಅಲ್ಲಿ ಪಿನಾ ಕೊಲಾಡಾ (ಅನಾನಸ್-ತೆಂಗಿನ ಪಾನೀಯ) ಪರಿಮಳ ಬಿಡುತ್ತಿದ್ದರು, ಗೊತ್ತಾ? 2024ರಲ್ಲಿ ಆ ಜ್ವಾಲಾಮುಖಿಯೂ ನಿಂತಿತು. ಅದರ ವಿಡಿಯೋ ಜಾಸ್ತಿ ಸಿಗುತ್ತೆ, ಆದರೆ ತೊಂಬತ್ತರ ದಶಕದ್ದೇ ಬೇಕು.

ಹ್ಯಾಂಡಿಕ್ಯಾಮ್ ಟೇಪ್ ಇದ್ದರೆ ಡಿಜಿಟಲ್ ಮಾಡಿಸುವ ಖರ್ಚು ನನ್ನದು. ದಯವಿಟ್ಟು ಮೆಸೇಜ್ ಮಾಡಿ.