ಹಳೇ ಸಿಟಿ ವಿಟೆಕ್‌ಗೆ ಜಪಾನ್ ಪಾರ್ಟ್ಸ್: ಮೊದಲು ಯಾವುದು ಹಾಕಿಸಲಿ?

ಅಮ್ಮತ್ತಿ ವಿಟೆಕ್:
ಎಲ್ಲರಿಗೂ ನಮಸ್ಕಾರ. ಅಪ್ಪನ 2001ರ ಹೋಂಡಾ ಸಿಟಿ 1.5 ವಿಟೆಕ್ ಈಗ ನನ್ನ ಕೈಗೆ ಬಂದಿದೆ. ಯಾವಾಗಲೂ ಶೆಡ್‌ನಲ್ಲೇ ನಿಲ್ಲಿಸುತ್ತಿದ್ದರು, ಹಾಗಾಗಿ ತುಕ್ಕು ಕಡಿಮೆ. ಎಂಜಿನ್ ಬಿಚ್ಚಿಲ್ಲ. ಇದು ಸ್ಪೋರ್ಟ್ಸ್ ಕಾರೇ ಅಲ್ಲ ಅನ್ನುವವರಿದ್ದಾರೆ. ಆದರೆ ಘಾಟಿ ಹತ್ತುವಾಗ ಐದು ಸಾವಿರ ಆರ್‌ಪಿಎಂ ದಾಟಿದ ಮೇಲೆ ಎಂಜಿನ್ ದನಿ ಬದಲಾಗುತ್ತದಲ್ಲ, ಅದಕ್ಕಾಗಿಯೇ ನಾನು ಈ ಕಾರು ಮಾರಲು ಬಿಡಲಿಲ್ಲ.

ಬೆಂಗಳೂರಿನಲ್ಲಿ ಒಬ್ಬರು ತಮ್ಮ ಹತ್ತಿರ ಇರುವ ಪಾರ್ಟ್ಸ್ ಮಾರುತ್ತಿದ್ದಾರೆ. 15 ಇಂಚಿನ ಟಿಇ37 ಅನ್ನುವ ರಿಮ್ ನಾಲ್ಕು, ಒಂದು ಸೆಟ್ ಕಾಯಿಲೋವರ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವುದು), ಎಂಜಿನ್‌ಗೆ ತಂಪು ಗಾಳಿ ಎಳೆಯಲು ಬಂಪರ್ ಒಳಗೆ ಕೆಳಗಡೆ ಕೂರುವ ಕೋಲ್ಡ್ ಏರ್ ಇಂಟೇಕ್, ಒಂದು 4-2-1 ಹೆಡರ್ (ಎಂಜಿನ್ ಹೊಗೆಯ ನಾಲ್ಕು ಪೈಪ್ ಎರಡಾಗಿ, ಆಮೇಲೆ ಒಂದಾಗುವುದು). ಬಿಡಿಬಿಡಿಯಾಗಿಯೂ ಕೊಡುತ್ತಾರಂತೆ. ಎಲ್ಲ ಒಟ್ಟಿಗೆ ತೆಗೆದುಕೊಳ್ಳಲು ಈಗ ಕೈಯಲ್ಲಿ ದುಡ್ಡಿಲ್ಲ. ನನ್ನ ಓಡಾಟ ಹೆಚ್ಚಾಗಿ ವಿರಾಜಪೇಟೆ, ಮಡಿಕೇರಿ, ಆಗಾಗ ಸಂಪಾಜೆ ಘಾಟಿ ಇಳಿದು ಸುಳ್ಯ. ಮಳೆ ಹಿಡಿಯುವ ಮೊದಲು ಕೆಲಸ ಮುಗಿಸಬೇಕು. ಯಾವುದು ಮೊದಲು?

ಪೊನ್ನಂಪೇಟೆ ಲ್ಯಾನ್ಸರ್:
ಮಾರಲು ಬಿಡಲಿಲ್ಲ ಅಂದಿರಲ್ಲ, ತುಂಬಾ ಖುಷಿಯಾಯಿತು. ಅಂಥ ಕಾರುಗಳು ನಮ್ಮ ಜಿಲ್ಲೆಯಲ್ಲಿ ಒಂದೊಂದಾಗಿ ಗುಜರಿಗೆ ಹೋಗುತ್ತಿವೆ.

ಮೊದಲು ಆ ಇಂಟೇಕ್ ವಿಷಯ. ದಯವಿಟ್ಟು ಅದನ್ನು ಬಿಡಿ. ಭಾಗಮಂಡಲ, ಕರಡಿಗೋಡು ಕಡೆ ಮಳೆಗಾಲದಲ್ಲಿ ಕಾವೇರಿ ರಸ್ತೆಗೆ ಬರುವುದು ನಿಮಗೇ ಗೊತ್ತು. ಬಂಪರ್ ಬುಡದಲ್ಲಿರುವ ಫಿಲ್ಟರ್ ಗಾಳಿಯ ಜೊತೆ ನೀರನ್ನೂ ಎಳೆಯುತ್ತದೆ. ಗಾಳಿಯನ್ನು ಪಿಸ್ಟನ್ ಒತ್ತಬಹುದು, ನೀರನ್ನು ಆಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಅಲ್ಲಿಗೇ ಮುಗಿಯುತ್ತದೆ. ಕಂಪನಿಯವರು ಕೊಟ್ಟ ಏರ್ ಬಾಕ್ಸ್ ಹಾಗೇ ಇರಲಿ, ಒಳಗೆ ಹೊಸ ಫಿಲ್ಟರ್ ಹಾಕಿದರೆ ಸಾಕು.

ನಿಮಗೆ ಇಷ್ಟವಾದ ಆ ದನಿ ಎಲ್ಲಿಂದ ಬರುತ್ತದೆ ನೋಡಿ. ಎಂಜಿನ್ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಒಂದೇ, ಆದರೆ ಅದರ ಮೇಲೆ ಎರಡು ಥರದ ಉಬ್ಬುಗಳಿವೆ. ಎಂಜಿನ್ ವೇಗ ಏರಿದಾಗ ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಸೊಲೆನಾಯ್ಡ್ ಅನ್ನುವ ಕರೆಂಟಿನ ಕವಾಟ ತೆರೆಯುತ್ತದೆ. ಆಯಿಲ್ ಒತ್ತಡ ಒಂದು ಪಿನ್ ತಳ್ಳಿ, ವಾಲ್ವ್ ಒತ್ತುವ ರಾಕರ್‌ಗಳನ್ನು ಲಾಕ್ ಮಾಡುತ್ತದೆ. ಆಗ ದೊಡ್ಡ ಉಬ್ಬು ಕೆಲಸ ಶುರು ಮಾಡುತ್ತದೆ. ಇದೇ ವಿಟೆಕ್. ಅಂದರೆ ಎಲ್ಲ ನಿಂತಿರುವುದು ಆಯಿಲ್ ಮೇಲೆ. ಆ ಸೊಲೆನಾಯ್ಡ್ ಕೆಳಗಿನ ಗ್ಯಾಸ್ಕೆಟ್‌ನಲ್ಲಿ ಸಣ್ಣ ಜಾಲರಿ ಇರುತ್ತದೆ. ಅದು ಕಟ್ಟಿಕೊಂಡರೆ ವಿಟೆಕ್ ಕೂಗುವುದೇ ಇಲ್ಲ. ಆ ಗ್ಯಾಸ್ಕೆಟ್, ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಪ್, ಸಸ್ಪೆನ್ಷನ್ ಕೀಲುಗಳಲ್ಲಿ ಕೂರುವ ರಬ್ಬರ್ ಬುಶ್‌ಗಳು, ಇವು ಒರಿಜಿನಲ್ ಸಿಕ್ಕಿದಲ್ಲಿ ಈಗಲೇ ಕೊಂಡು ಇಡಿ. ಹೆಡರ್ ಇನ್ನೂ ಹತ್ತು ವರ್ಷ ಎಲ್ಲಾದರೂ ಸಿಕ್ಕೀತು. ಈ ರಬ್ಬರ್ ಸಾಮಾನು ಒಂದು ದಿನ ಸುಮ್ನೆ ಸಿಗದೇ ಹೋಗುತ್ತದೆ. ನನ್ನ ಲ್ಯಾನ್ಸರ್‌ಗೆ ಈಗ ಹಾಗೇ ಆಗಿದೆ, ಒಂದು ಬುಶ್‌ಗಾಗಿ ಬೆಂಗಳೂರಿನ ಪಾರ್ಟ್ಸ್ ಅಂಗಡಿಗಳ ಜೆ.ಸಿ. ರೋಡ್ ಪೂರ್ತಿ ಸುತ್ತಬೇಕು.

ಆಮೇಲೆ ಬ್ರೇಕ್. ಸಂಪಾಜೆ ಇಳಿಯುವವರಿಗೆ ಇದಕ್ಕಿಂತ ದೊಡ್ಡ ಪರ್ಫಾರ್ಮೆನ್ಸ್ ಪಾರ್ಟ್ ಇಲ್ಲ. ಡಾಟ್ 4 ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ಅದೇ ಆಯಿಲ್ ಶೇ. 3.7ರಷ್ಟು ನೀರು ಹೀರಿಕೊಂಡರೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಮ್ಮ ಥಂಡಿ ಹವೆಯಲ್ಲಿ ನೀರು ಹೀರಲು ಏನು ಕಡಿಮೆ? ಹೊಸ ಆಯಿಲ್, ಒಳ್ಳೇ ಪ್ಯಾಡ್, ಸ್ಟೀಲ್ ಹೆಣಿಗೆಯ ಬ್ರೇಕ್ ಹೋಸ್, ಒದ್ದೆ ರಸ್ತೆ ಹಿಡಿಯುವ ಟೈರ್. ಇಷ್ಟು ಆದ ಮೇಲೆ ಹೆಡರ್ ತೆಗೆದುಕೊಳ್ಳಿ. 4-2-1 ಮಧ್ಯದ ಆರ್‌ಪಿಎಂನಲ್ಲಿ ಎಳೆತ ಕೊಡುತ್ತದೆ, ಘಾಟಿಗೆ ಅದೇ ಬೇಕು.

ಕಾಯಿಲೋವರ್ ನಿಮ್ಮ ಕಾರಿನ ಚಾಸಿ ಕೋಡ್‌ಗೇ, ಅಂದರೆ ಇದೇ ಮಾಡೆಲ್‌ಗೇ ಮಾಡಿದ್ದಾ ಅಂತ ಕೇಳಿ. ಹೌದಾದರೂ ನನ್ನ ಸಲಹೆ ಬೇಡ ಅಂತಲೇ. ಗಟ್ಟಿ ಸ್ಪ್ರಿಂಗ್ ಹಾಕಿದರೆ ನಮ್ಮ ಗುಂಡಿ ರಸ್ತೆಯಲ್ಲಿ ಚಕ್ರ ನೆಲ ಬಿಟ್ಟು ಕುಣಿಯುತ್ತದೆ, ಹಿಡಿತ ಕಮ್ಮಿಯಾಗುತ್ತದೆ.

ಕುಶಾಲನಗರ ರಿಮ್:
ರಿಮ್ ಬಗ್ಗೆ ನಾನು ಹೇಳುತ್ತೇನೆ. ಜಪಾನಿನ ರೇಸ್ (Rays) ಅನ್ನುವ ರಿಮ್ ಕಂಪನಿ ಟಿಇ37 ತಂದಿದ್ದು 1996ರಲ್ಲಿ. 15 ಇಂಚಿನ, 6 ಇಂಚು ಅಗಲದ ರಿಮ್ 3.7 ಕೆಜಿ ಇತ್ತು, ಹೆಸರಿನ 37 ಬಂದಿದ್ದೇ ಅದರಿಂದ. ಫೋರ್ಜ್ ಮಾಡಿದ್ದು, ಅಂದರೆ ಲೋಹವನ್ನು ಭಾರೀ ಒತ್ತಡದಲ್ಲಿ ಒತ್ತಿ ಮಾಡಿದ್ದು, ಅದಕ್ಕೇ ಅಷ್ಟು ಹಗುರ. ಅಗಲ ಜಾಸ್ತಿಯಾದರೆ ತೂಕ ಸ್ವಲ್ಪ ಏರುತ್ತದೆ. ಎರಕ ಹೊಯ್ದ ನಕಲು ಬಹಳ ಭಾರ. ಹಾಗಾಗಿ ಟೈರ್ ಬಿಚ್ಚಿಸಿ ತೂಕ ಹಾಕಿ. ರಿಮ್ ಜಪಾನಿನ ಗುಣಮಟ್ಟಕ್ಕೆ ತಕ್ಕದ್ದು ಅನ್ನುವ ಜೆಡಬ್ಲ್ಯೂಎಲ್ ಮುದ್ರೆ ಒಂದನ್ನೇ ನಂಬಬೇಡಿ, ಅದನ್ನು ತಯಾರಕರೇ ಒತ್ತಿಕೊಳ್ಳುತ್ತಾರೆ. ಪಕ್ಕದಲ್ಲಿ ಹೊರಗಿನ ಪರೀಕ್ಷೆಯಾಗಿದೆ ಅನ್ನುವ ವಿಐಎ ಮುದ್ರೆಯೂ ಇರಬೇಕು.

ಇನ್ನೊಂದು. ಹೋಂಡಾ ನಟ್‌ಗಳ ಬುಡ ಗುಂಡಗಿರುತ್ತದೆ. ಬೇರೆ ಕಂಪನಿಯ ಇಂಥ ರಿಮ್‌ಗೆ ಬೇಕಾದದ್ದು 60 ಡಿಗ್ರಿ ಚೂಪಿನ ನಟ್. ಹಳೇ ನಟ್ ಹಾಕಿದರೆ ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ. ರಿಮ್ ಕೂರುವ ಹಬ್ 56.1 ಎಂಎಂ, ರಿಮ್ ನಡುವಿನ ತೂತು ದೊಡ್ಡದಿದ್ದರೆ ಸಂದು ತುಂಬಲು ಹಬ್ ರಿಂಗ್ ಹಾಕಿಸಿ.

ಮಡಿಕೇರಿ ಕೋಟೆ:
ಹೆಡರ್ ಹಾಕಿದರೂ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಬೇಡಿ, ಸೈಲೆನ್ಸರ್ ಮುಟ್ಟಬೇಡಿ. ಗಾಡಿಯನ್ನು ಮನಬಂದಂತೆ ಬದಲಾಯಿಸಬಾರದು ಅನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. 2019ರ ತಿದ್ದುಪಡಿ ಆದ ಮೇಲೆ ಒಂದೊಂದು ಬದಲಾವಣೆಗೂ 5000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಆರ್‌ಟಿಒದಲ್ಲಿ ಮೊದಲೇ ವಿಚಾರಿಸಿ.

ಅಮ್ಮತ್ತಿ ವಿಟೆಕ್:
ಎಲ್ಲರಿಗೂ ಥ್ಯಾಂಕ್ಸ್. ಬೆಂಗಳೂರಿಗೆ ಹೋಗಿದ್ದೆ, ಕರಿಮೆಣಸು ತೂಗುವ ಕೊಕ್ಕೆ ತಕ್ಕಡಿ ಜೊತೆಗೇ ಒಯ್ದಿದ್ದೆ. ಟೈರ್ ಇಲ್ಲದ ಬರೀ ರಿಮ್ 6.4 ಕೆಜಿ. ವಿಐಎ ಮುದ್ರೆ ಎಲ್ಲೂ ಇಲ್ಲ. ಬಿಟ್ಟು ಬಂದೆ. ಹೆಡರ್ ಚೆನ್ನಾಗಿದೆ, ಬಿರುಕಿಲ್ಲ. ಮುಂಗಡ ಕೊಟ್ಟಿದ್ದೇನೆ. ಬ್ರೇಕ್ ಮತ್ತು ಬುಶ್ ಕೆಲಸ ಮುಂದಿನ ವಾರ ಗೋಣಿಕೊಪ್ಪದಲ್ಲಿ. ಬುಶ್ ಹಾಕುವಾಗ ನಾನು ಪಕ್ಕದಲ್ಲಿ ನಿಂತು ನೋಡಬೇಕಾದದ್ದು ಏನಾದರೂ ಇದೆಯಾ ಅಣ್ಣ?

ಪೊನ್ನಂಪೇಟೆ ಲ್ಯಾನ್ಸರ್:
ಇದೆ. ಕಾರು ಜಾಕ್ ಮೇಲಿರುವಾಗ ಬುಶ್ ಬೋಲ್ಟ್‌ಗಳನ್ನು ಪೂರ್ತಿ ಬಿಗಿ ಮಾಡಲು ಬಿಡಬೇಡಿ. ಕೈಬಿಗಿ ಮಾತ್ರ ಇರಲಿ. ಕಾರು ಇಳಿಸಿ, ಭಾರವೆಲ್ಲ ಚಕ್ರದ ಮೇಲೆ ಬಂದ ಮೇಲೆ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿಸಿ. ಇಲ್ಲದಿದ್ದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಬಿಚ್ಚಿದ ಹಳೇ ಬುಶ್‌ಗಳನ್ನು ಮನೆಗೆ ತನ್ನಿ, ಮುಂದೆ ಅಳತೆ ಕೊಟ್ಟು ಮಾಡಿಸಲು ಬೇಕಾಗುತ್ತದೆ.