ಗಿಟ್: ರಿವರ್ಟ್ ಆದ ಬ್ರಾಂಚನ್ನು ಮತ್ತೆ ಮರ್ಜ್ ಮಾಡಿದರೆ ಹಳೆಯ ಬದಲಾವಣೆಗಳು ಬರುತ್ತಿಲ್ಲ

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ನಮ್ಮ ತಂಡದ ‘ರಸೀದಿ’ ಎಂಬ ಫೀಚರ್ ಬ್ರಾಂಚನ್ನು (ಹೊಸ ಸೌಲಭ್ಯಕ್ಕಾಗಿ ಬೇರೆಯಾಗಿ ಬೆಳೆಸಿದ ಕೋಡಿನ ಕವಲನ್ನು) ಮುಖ್ಯ ಬ್ರಾಂಚಾದ ಮೇನ್‌ಗೆ ಮರ್ಜ್ ಮಾಡಿದಾಗ, ಅಂದರೆ ಸೇರಿಸಿದಾಗ, ಟೆಸ್ಟುಗಳು ಫೇಲಾದವು; ಸಹೋದ್ಯೋಗಿಯೊಬ್ಬರು ‘ಗಿಟ್ ರಿವರ್ಟ್ -ಎಮ್ 1’ ಬಳಸಿ ಆ ಮರ್ಜನ್ನು ರದ್ದುಪಡಿಸಿದರು. ಬ್ರಾಂಚಿನಲ್ಲಿ ಒಂದು ಕಾನ್ಫಿಗ್ ಕಡತ ಬಿಟ್ಟುಹೋಗಿದ್ದೇ ಕಾರಣವೆಂದು ತಿಳಿದ ಮೇಲೆ ಅದನ್ನು ಸೇರಿಸಿ, ಮತ್ತೆ ಮರ್ಜ್ ಮಾಡಿ, ಪುಶ್ ಕೂಡ ಮಾಡಿದೆವು. ಕಾನ್‌ಫ್ಲಿಕ್ಟ್ (ಎರಡು ಕಡೆಯ ಬದಲಾವಣೆಗಳ ಘರ್ಷಣೆ) ಒಂದೂ ಬರಲಿಲ್ಲ, ಆದರೆ ಮೇನ್‌ಗೆ ಬಂದದ್ದು ಆ ಕಾನ್ಫಿಗ್ ಕಡತ ಮಾತ್ರ. ಇಡೀ ಬ್ರಾಂಚಿನ ಉಳಿದ ಕೋಡ್ ಏಕೆ ಬರಲಿಲ್ಲ?

ಉತ್ತರ:

ಗಿಟ್ ಇಲ್ಲಿ ತಪ್ಪು ಮಾಡಿಲ್ಲ. ರಿವರ್ಟ್ ಎನ್ನುವುದು ಕಡತಗಳ ಒಳಗಿನ ಬದಲಾವಣೆಯನ್ನು ತೆಗೆಯುತ್ತದೆಯೇ ಹೊರತು, ಈ ಬ್ರಾಂಚ್ ಮೇನ್‌ಗೆ ಸೇರಿದೆ ಎಂಬ ಇತಿಹಾಸವನ್ನು ಅಳಿಸುವುದಿಲ್ಲ. ಹಾಗಾಗಿ ಎರಡನೆಯ ಮರ್ಜ್ ಮಾಡುವಾಗ ಎರಡೂ ಕಡೆಗಳ ಸಮಾನ ಮೂಲವಾಗಿ, ಅಂದರೆ ಮರ್ಜ್ ಬೇಸ್ ಆಗಿ, ಗಿಟ್ ಹಿಡಿದುಕೊಂಡದ್ದು ಮೊದಲ ಮರ್ಜಿನ ಹೊತ್ತಿಗೆ ‘ರಸೀದಿ’ಯ ತುದಿಯಲ್ಲಿದ್ದ ಕಮಿಟನ್ನು (ದಾಖಲಾದ ಬದಲಾವಣೆಯನ್ನು). ಅಲ್ಲಿಂದೀಚೆಗೆ ಬ್ರಾಂಚಿನಲ್ಲಿ ಆದ ಬದಲಾವಣೆ ಕಾನ್ಫಿಗ್ ಕಡತವೊಂದೇ. ಮೇನ್‌ನಲ್ಲಿ ಆದದ್ದು ಉಳಿದೆಲ್ಲದರ ಅಳಿವು. ಎರಡನ್ನೂ ಕೂಡಿಸಿದರೆ ಸಿಗುವುದು ನಿಮಗೆ ಸಿಕ್ಕಿದ್ದೇ. ನೀವು ಬ್ರಾಂಚಿನ ಹಳೆಯ ಕಡತವೊಂದನ್ನು ತಿದ್ದಿದ್ದರೆ, ಒಂದು ಕಡೆ ಅಳಿಸಿ ಇನ್ನೊಂದು ಕಡೆ ತಿದ್ದಿದ ಕಾನ್‌ಫ್ಲಿಕ್ಟಾದರೂ ಬಂದು ಎಚ್ಚರಿಸುತ್ತಿತ್ತು.

ಪರಿಹಾರವೆಂದರೆ ಆ ರಿವರ್ಟ್ ಕಮಿಟನ್ನೇ ರಿವರ್ಟ್ ಮಾಡುವುದು. ‘ಗಿಟ್ ಲಾಗ್ --ಗ್ರೆಪ್=ರಿವರ್ಟ್’ ಎಂದು ಹುಡುಕಿ ಅದರ ಹ್ಯಾಶ್ (ಗುರುತಿನ ಸಂಖ್ಯೆ) ತಿಳಿದುಕೊಳ್ಳಿ; ಮೇನ್‌ನಿಂದ ಹೊಸ ಬ್ರಾಂಚ್ ತೆಗೆದು, ಅಲ್ಲಿ ‘ಗಿಟ್ ರಿವರ್ಟ್’ ಮುಂದೆ ಆ ಹ್ಯಾಶ್ ಕೊಟ್ಟು, ಟೆಸ್ಟುಗಳು ಪಾಸಾದ ಮೇಲಷ್ಟೇ ಮೇನ್‌ಗೆ ಸೇರಿಸಿ. ಮರ್ಜ್ ಕಮಿಟಿನ ಯಾವ ಕಡೆಯನ್ನು ಉಳಿಸಬೇಕೆಂದು ಹೇಳುವ ‘-ಎಮ್ 1’ ಈ ಸಲ ಬೇಕಿಲ್ಲ, ಏಕೆಂದರೆ ರಿವರ್ಟ್ ಕಮಿಟ್ ಮರ್ಜ್ ಕಮಿಟ್ ಅಲ್ಲ. ಗಿಟ್ ರಚಿಸಿದ ಲೈನಸ್ ಟೊರ್ವಾಲ್ಡ್ಸ್ 2008ರಲ್ಲೇ ಇದನ್ನು ವಿವರಿಸಿದ್ದರು. ಆ ಟಿಪ್ಪಣಿ ಗಿಟ್‌ನ ದಸ್ತಾವೇಜಿನಲ್ಲಿ ಇಂದಿಗೂ ಇದೆ.

ಇನ್ನೊಬ್ಬ ಸದಸ್ಯರು:

ಮೇಲಿನ ಉತ್ತರ ಸರಿಯಾಗಿದೆ. ಒಂದು ಅಪಾಯವನ್ನು ಸೇರಿಸುತ್ತೇನೆ. ‘ರಸೀದಿ’ಯಲ್ಲಿ ಇನ್ನೂ ಯಾರಾದರೂ ಕೆಲಸ ಮಾಡುತ್ತಿದ್ದು, ಮೇನ್‌ನ ಹೊಸ ಕಮಿಟ್‌ಗಳಿರಲಿ ಎಂದು ಈಗ ಮೇನನ್ನು ತಮ್ಮ ಬ್ರಾಂಚಿಗೆ ಮರ್ಜ್ ಮಾಡಿಕೊಂಡರೆ, ರಿವರ್ಟ್ ಕಮಿಟ್ ಅಲ್ಲಿಗೂ ಹೋಗಿ ಅವರ ಕೋಡನ್ನು ಸದ್ದಿಲ್ಲದೆ ಅಳಿಸುತ್ತದೆ. ಮೇನ್ ಸರಿಯಾಗುವವರೆಗೆ ಅದನ್ನು ತಮ್ಮ ಬ್ರಾಂಚಿಗೆ ಪುಲ್ ಮಾಡಬೇಡಿರೆಂದು ತಂಡಕ್ಕೆ ಮೊದಲೇ ತಿಳಿಸಿ. ‘ಗಿಟ್ ರೀಬೇಸ್ --ನೋ-ಎಫ್‌ಎಫ್’ ಬಳಸಿ ಬ್ರಾಂಚಿನ ಕಮಿಟ್‌ಗಳಿಗೆ ಹೊಸ ಹ್ಯಾಶ್ ಬರುವಂತೆ ಮಾಡಿ ಮರ್ಜ್ ಮಾಡುವ ದಾರಿಯೂ ಇದೆ. ಆದರೆ ಹಂಚಿಕೊಂಡ ಬ್ರಾಂಚಿಗೆ ಅದನ್ನು ನಾನು ಸೂಚಿಸುವುದಿಲ್ಲ, ಎರಡೂ ದಾರಿಗಳನ್ನು ಒಟ್ಟಿಗೆ ಹಿಡಿಯುವುದಂತೂ ಬೇಡವೇ ಬೇಡ.

ಪ್ರಶ್ನೆ ಕೇಳಿದವರು:

ಧನ್ಯವಾದಗಳು ಸರ್. ಮರ್ಜ್ ಮಾಡುವ ಮೊದಲೇ ಇದು ಗಮನಕ್ಕೆ ಬರುವಂತೆ ಮಾಡಬಹುದೇ?

ಉತ್ತರ:

ಬರುತ್ತದೆ. ಗಿಟ್‌ಹಬ್ ಜಾಲತಾಣದ ಪುಲ್ ರಿಕ್ವೆಸ್ಟ್ (ಮರ್ಜ್ ಮಾಡುವ ಕೋರಿಕೆ) ಪುಟ ಮರ್ಜ್ ಬೇಸ್‌ನಿಂದ ಈಚಿನ ವ್ಯತ್ಯಾಸವನ್ನೇ ತೋರಿಸುವುದರಿಂದ, ಹತ್ತಾರು ಕಡತಗಳಿರಬೇಕಾದ ಜಾಗದಲ್ಲಿ ಒಂದೇ ಕಡತ ಕಂಡರೆ ಅಲ್ಲೇ ನಿಲ್ಲಿಸಬೇಕು. ಕಾನ್‌ಫ್ಲಿಕ್ಟ್ ಇಲ್ಲ ಎಂಬ ಹಸಿರು ಗುರುತನ್ನು ನಮ್ಮವರು ಅಗತ್ಯಕ್ಕಿಂತ ಹೆಚ್ಚು ನಂಬುತ್ತಾರೆ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಗಣಕದಲ್ಲಾದರೆ ‘ಗಿಟ್ ಮರ್ಜ್ --ನೋ-ಕಮಿಟ್ --ನೋ-ಎಫ್‌ಎಫ್’ ಕೊಟ್ಟು, ‘ಗಿಟ್ ಡಿಫ್ --ಕ್ಯಾಶ್ಡ್’ ನೋಡಿ, ಬೇಡವಾದರೆ ‘ಗಿಟ್ ಮರ್ಜ್ --ಅಬಾರ್ಟ್’ ಮಾಡಿ. ಕಮಿಟ್ ಆಗದ ಬದಲಾವಣೆಗಳಿದ್ದರೆ ಅಬಾರ್ಟ್ ಅವುಗಳನ್ನು ಯಥಾಸ್ಥಿತಿಗೆ ತರುತ್ತದೆಂಬ ಖಾತರಿಯಿಲ್ಲ, ಆದ್ದರಿಂದ ಮೊದಲು ಕಮಿಟ್ ಮಾಡಿ, ಇಲ್ಲವೇ ಸ್ಟ್ಯಾಶ್‌ನಲ್ಲಿ ತಾತ್ಕಾಲಿಕವಾಗಿ ಎತ್ತಿಟ್ಟುಕೊಳ್ಳಿ. ಗಿಟ್ ಆವೃತ್ತಿ 2.38 ಅಥವಾ ಅದಕ್ಕಿಂತ ಹೊಸದಿದ್ದರೆ ‘ಗಿಟ್ ಮರ್ಜ್-ಟ್ರೀ --ರೈಟ್-ಟ್ರೀ’ ನಿಮ್ಮ ಕಡತಗಳನ್ನು ಮುಟ್ಟದೆಯೇ ಮರ್ಜಿನ ಫಲಿತಾಂಶವನ್ನು ಲೆಕ್ಕಹಾಕಿ ಕೊಡುತ್ತದೆ.

ಪ್ರಶ್ನೆ ಕೇಳಿದವರು:

ಹೊಸ ಬ್ರಾಂಚಿನಲ್ಲಿ ರಿವರ್ಟನ್ನು ರಿವರ್ಟ್ ಮಾಡಿದೆವು. ಕಡತಗಳೆಲ್ಲ ಮರಳಿವೆ, ಟೆಸ್ಟುಗಳೂ ಪಾಸಾಗಿವೆ. ಕಮಿಟ್ ಸಂದೇಶ ಮಾತ್ರ ‘ರಿವರ್ಟ್’ ಎನ್ನದೆ ‘ರೀಅಪ್ಲೈ’ ಎಂದು ಬಂದಿದೆ. ಇದು ಸರಿಯೇ?

ಉತ್ತರ:

ಸರಿಯಾಗಿದೆ. 2023ರಲ್ಲಿ ಬಂದ 2.43ನೆಯ ಆವೃತ್ತಿಯಿಂದ ಗಿಟ್ ಹಾಗೆಯೇ ಬರೆಯುತ್ತದೆ. ಮೊದಲು ಏಕೆ ರಿವರ್ಟ್ ಮಾಡಿದಿರೆಂಬುದನ್ನು ಅದರ ಕೆಳಗೆ ನಿಮ್ಮ ಮಾತಿನಲ್ಲೇ ಒಂದು ಸಾಲು ಸೇರಿಸಿ ಮರ್ಜ್ ಮಾಡಿ.